ಗೋಗಿಯ ಬಿಸಿಲು, ಕಿರದಳ್ಳಿಯ ನೀರು, ಶೇಂಗಾ ಹಿಂಡಿ

ಗೋಗಿ ಎಂದ ಕೂಡಲೇ ಕೆಲವರಿಗೆ ಚಂದಾ ಹುಸೇನಿ ದರ್ಗಾ ನೆನಪಾಗುತ್ತದೆ. ಇತಿಹಾಸ ಬಲ್ಲವರಿಗೆ 1510ರಲ್ಲಿ ತೀರಿಹೋದ ಯೂಸುಫ್ ಆದಿಲ್ ಶಾಹನ ಗೋರಿ, ಪತ್ರಿಕೆ ಓದುವವರಿಗೆ ಯುರೇನಿಯಂ ನಿಕ್ಷೇಪ. ನನ್ನ ಇವತ್ತಿನ ಮಾತಿಗೆ ಬೇಕಾದ ಗೋಗಿ ಇದಕ್ಕಿಂತ ಸಾದಾ ಊರು. ಅದು ಉತ್ತರ ಅಕ್ಷಾಂಶ ಸುಮಾರು 16.7 ಡಿಗ್ರಿಯಲ್ಲಿದೆ. ಮೇ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ ಸೂರ್ಯ ಅಲ್ಲಿ ನೇರ ನೆತ್ತಿಯ ಮೇಲೆ ನಿಲ್ಲುತ್ತಾನೆ. ಹತ್ತಿ ಬಿಡಿಸುವವರು, ತೊಗರಿ ಕೊಯ್ಯುವವರು, ಮೆಣಸಿನಕಾಯಿ ಒಣಹಾಕುವವರು ದಿನದ ಬಹುಪಾಲು ಬಯಲಲ್ಲೇ ಇರುತ್ತಾರೆ. ಇಂಥವರ ಚರ್ಮವನ್ನು ಯಾವುದು ಕಾಯುತ್ತದೆ? ಶಹಾಪುರದ, ಸುರಪುರದ ಔಷಧಿ ಅಂಗಡಿಗಳ ಗಾಜಿನ ಕಪಾಟು ಇದಕ್ಕೆ ಒಂದು ಉತ್ತರವನ್ನು ಸಿದ್ಧವಾಗಿ ಇಟ್ಟುಕೊಂಡಿದೆ: ಆಂಟಿಆಕ್ಸಿಡೆಂಟ್. ಕ್ರೀಮಿನ ಮೇಲೆ ಆ ಹೆಸರು, ಮಾತ್ರೆಯ ಮೇಲೆ ಆ ಹೆಸರು, ಈಗೀಗ ಸಾಬೂನಿನ ಮೇಲೂ ಆ ಹೆಸರು. ಅದು ಪೂರ್ತಿ ಸುಳ್ಳೇನೂ ಅಲ್ಲ. ಚರ್ಮಕ್ಕೆ ಆಂಟಿಆಕ್ಸಿಡೆಂಟುಗಳು ಬೇಕೇ ಬೇಕು. ಆದರೆ ನನ್ನ ವಾದ ಇಷ್ಟು: ದೇಹದಲ್ಲಿ ಅವುಗಳ ಕೊರತೆ ಇದ್ದರೆ ಅದನ್ನು ತುಂಬುವುದರಿಂದ ಚರ್ಮ ಉಳಿಯುತ್ತದೆ, ಹೊರಗಿನಿಂದ ಬೀಳುವ ಹೊರೆ ಇಳಿಯದೆ ಹೋದರೆ ಎಷ್ಟು ನುಂಗಿದರೂ, ಎಷ್ಟು ಬಳಿದರೂ ಉಳಿಯುವುದಿಲ್ಲ. ಯಾದಗಿರಿ ಜಿಲ್ಲೆಯ ಮಣ್ಣಿನಲ್ಲಿ, ಊಟದಲ್ಲಿ, ನೀರಿನಲ್ಲಿ ಈ ಎರಡೂ ಮಾತಿಗೆ ಸಾಕ್ಷಿ ಸಿಗುತ್ತದೆ.

ಮೊದಲು ಚರ್ಮದ ಒಳಗೆ ಏನಾಗುತ್ತದೆ ನೋಡೋಣ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಅವುಗಳಲ್ಲಿ ಬಿ ಬಗೆಯವು ಚರ್ಮದ ಮೇಲುಪದರದಲ್ಲೇ ತಡೆದುನಿಂತು ಜೀವಕೋಶದ ಡಿಎನ್‌ಎಯನ್ನು ನೇರವಾಗಿ ಕೆಡಿಸುತ್ತವೆ. ಎ ಬಗೆಯವು ಇನ್ನೂ ಆಳಕ್ಕೆ ಇಳಿದು, ಅಲ್ಲಿರುವ ಕೆಲವು ಅಣುಗಳನ್ನು ಕೆರಳಿಸಿ, ಅವುಗಳ ಮೂಲಕ ಆಮ್ಲಜನಕವನ್ನು ಉಗ್ರ ರೂಪಕ್ಕೆ ತಿರುಗಿಸುತ್ತವೆ. ಸಿಂಗ್ಲೆಟ್ ಆಕ್ಸಿಜನ್, ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್, ಎಲ್ಲಕ್ಕಿಂತ ಕೆಟ್ಟದ್ದಾದ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಎಂದು ಇವುಗಳ ಹೆಸರು. ಇವು ಎದುರಿಗೆ ಸಿಕ್ಕ ಕೊಬ್ಬು, ಪ್ರೋಟೀನು, ಡಿಎನ್‌ಎಯಿಂದ ಎಲೆಕ್ಟ್ರಾನು ಕಿತ್ತುಕೊಳ್ಳುತ್ತವೆ. ಕಳೆದುಕೊಂಡ ಅಣು ಪಕ್ಕದ ಅಣುವಿನಿಂದ ಕೀಳುತ್ತದೆ, ಹೀಗೆ ಸರಪಳಿ ಬೆಳೆಯುತ್ತದೆ. ಇದರ ಜೊತೆಗೆ, ಕೆರಳಿದ ಜೀವಕೋಶಗಳು ಕೊಲಾಜೆನ್ ಎಳೆಗಳನ್ನು ಕತ್ತರಿಸುವ ಕಿಣ್ವಗಳನ್ನು ಹೆಚ್ಚಾಗಿ ಸುರಿಸುತ್ತವೆ. ನಲವತ್ತು ದಾಟಿದ ಒಕ್ಕಲುತನದವರ ಕುತ್ತಿಗೆಯ ಹಿಂದೆ ಆಳವಾದ ಗೆರೆಗಳ ಜಾಲ ಮೂಡಿರುತ್ತದೆ. ಅದೇ ಮನುಷ್ಯನ ಅಂಗಿಯೊಳಗಿನ ಬೆನ್ನು ನುಣುಪಾಗಿರುತ್ತದೆ. ವಯಸ್ಸು ಎರಡಕ್ಕೂ ಒಂದೇ. ವ್ಯತ್ಯಾಸ ಬಿಸಿಲಿನದು.

ಈ ಸರಪಳಿಯನ್ನು ಕಡಿಯಲು ಚರ್ಮ ತನ್ನದೇ ಏರ್ಪಾಡು ಮಾಡಿಕೊಂಡಿದೆ. ಸೂಪರಾಕ್ಸೈಡನ್ನು ಪಳಗಿಸುವ ಕಿಣ್ವವೊಂದನ್ನು 1969ರಲ್ಲಿ ಮೆಕ್‌ಕಾರ್ಡ್ ಮತ್ತು ಫ್ರಿಡೊವಿಚ್ ಎಂಬಿಬ್ಬರು ವಿಜ್ಞಾನಿಗಳು ಗುರುತಿಸಿದರು. ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಕಿಣ್ವಗಳ ಜೊತೆಗೆ ಸಣ್ಣ ಅಣುಗಳ ಒಂದು ಸಾಲು ಇದೆ, ಮತ್ತು ಅದು ಕೆಲಸ ಮಾಡುವ ಬಗೆ ಊರಿನ ಕೈಗಡದಂತೆ. ಕೊಬ್ಬಿನ ಪದರದಲ್ಲಿರುವ ವಿಟಮಿನ್ ಇ ತನ್ನ ಎಲೆಕ್ಟ್ರಾನು ಕೊಟ್ಟು ಸರಪಳಿ ಕಡಿಯುತ್ತದೆ, ಕೊಟ್ಟು ತಾನೇ ಬಡವಾಗುತ್ತದೆ. ಅದಕ್ಕೆ ವಿಟಮಿನ್ ಸಿ ಕೈಗಡ ಕೊಡುತ್ತದೆ. ವಿಟಮಿನ್ ಸಿ ಖಾಲಿಯಾದಾಗ ಗ್ಲುಟಾಥಯೋನ್ ಕೊಡುತ್ತದೆ. ಗ್ಲುಟಾಥಯೋನಿನ ಕೈ ಬರಿದಾದಾಗ ಎನ್‌ಎಡಿಪಿಎಚ್ ಎಂಬ ಅಣು ಅದನ್ನು ತುಂಬಿಸುತ್ತದೆ. ಆ ಕೊನೆಯ ಅಣುವನ್ನು ಕಟ್ಟಲು ನಯಾಸಿನ್, ಅಂದರೆ ವಿಟಮಿನ್ ಬಿ3, ಬೇಕು. ಗ್ಲುಟಾಥಯೋನ್ ತಯಾರಾಗಲು ಪ್ರೋಟೀನಿನಲ್ಲಿರುವ ಸಿಸ್ಟೀನ್ ಎಂಬ ಗಂಧಕದ ಅಮೈನೋ ಆಮ್ಲ ಬೇಕು. ಸಾಲಿನ ತುದಿಯಲ್ಲಿ ನಿಂತಿರುವುದು ಊಟದ ತಾಟು ಎಂದಾಯಿತು. ಜಾಹೀರಾತು ಈ ಸಾಲಿನಿಂದ ಒಬ್ಬರನ್ನು, ಹೆಚ್ಚಾಗಿ ವಿಟಮಿನ್ ಸಿ ಅಥವಾ ಇ ಅನ್ನು, ಎಳೆದು ತಂದು ನಿಲ್ಲಿಸಿ ಇವರೇ ಎಲ್ಲವನ್ನೂ ತೀರಿಸುತ್ತಾರೆ ಎನ್ನುತ್ತದೆ. ಹಿಂದೆ ನಿಂತವರ ಕೈ ಬರಿದಾಗಿದ್ದರೆ ಮುಂದೆ ನಿಂತವರು ಎಷ್ಟು ಹೊತ್ತು ಕೊಟ್ಟಾರು?

ಇದು ಬರೀ ಪ್ರಯೋಗಶಾಲೆಯ ಲೆಕ್ಕ ಎನ್ನುವವರಿಗೆ ದಖ್ಖನ್ನಿನ ಜೋಳದ ಸೀಮೆ ತನ್ನದೇ ಉತ್ತರ ಕೊಟ್ಟಿದೆ. ಪೆಲಾಗ್ರ ಎಂಬ ಕಾಯಿಲೆಯ ಹೆಸರು ಇವತ್ತಿನ ತಲೆಮಾರಿಗೆ ಗೊತ್ತಿರಲಿಕ್ಕಿಲ್ಲ. ಕುತ್ತಿಗೆಯ ಸುತ್ತ, ಮುಂಗೈ ಮೇಲೆ, ಪಾದದ ಮೇಲೆ, ಅಂದರೆ ಬಿಸಿಲು ಬಿದ್ದಲ್ಲಿ ಮಾತ್ರ, ಚರ್ಮ ಸುಟ್ಟಂತೆ ಕಪ್ಪಾಗಿ, ಒರಟಾಗಿ, ಸಿಪ್ಪೆ ಏಳುತ್ತದೆ. ಜೊತೆಗೆ ಭೇದಿ, ಆಮೇಲೆ ಚಿತ್ತಭ್ರಮೆ. ಕುತ್ತಿಗೆಯ ಗಾಯ ಹಾರದ ಆಕಾರದಲ್ಲಿ ಸ್ಪಷ್ಟ ಅಂಚಿನೊಂದಿಗೆ ಮೂಡುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೆಕ್ಕೆಜೋಳವನ್ನೇ ನೆಚ್ಚಿದ ಬಡವರಿಗೆ ಇದು ಬರುತ್ತಿತ್ತು. ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯ 1915ರಲ್ಲಿ ಮಿಸಿಸಿಪಿಯ ಸೆರೆಮನೆಯಲ್ಲಿ ಊಟದ ಬದಲಾವಣೆಯಿಂದಲೇ ಈ ಕಾಯಿಲೆ ತರಿಸಿ, ಇದು ಸೋಂಕಲ್ಲ, ಆಹಾರದ ಕೊರತೆ ಎಂದು ತೋರಿಸಿದ; 1937ರಲ್ಲಿ ಎಲ್ವೆಹೆಮ್ ಆ ಕೊರತೆ ನಯಾಸಿನ್ನಿನದು ಎಂದು ಕಂಡುಹಿಡಿದ. ಅಲ್ಲಿಗೆ ಕತೆ ಮುಗಿಯಿತು ಎಂದುಕೊಂಡಿದ್ದಾಗ ಹೈದರಾಬಾದಿನ ಆಸ್ಪತ್ರೆಗಳಿಗೆ ಮೆಕ್ಕೆಜೋಳವನ್ನೇ ಮುಖ್ಯವಾಗಿ ತಿನ್ನದ ರೋಗಿಗಳು ಅದೇ ಗಾಯಗಳೊಂದಿಗೆ ಬರುತ್ತಿದ್ದರು. ಅವರು ಬಿಳಿಜೋಳ ತಿನ್ನುವವರು, ನಮ್ಮಂತೆಯೇ ದಖ್ಖನ್ನಿನವರು. 1958ರಲ್ಲಿ ಕೂನೂರಿನಿಂದ ಹೈದರಾಬಾದಿಗೆ ಬಂದ ಪೌಷ್ಟಿಕತೆಯ ಸಂಶೋಧನಾಲಯ, ಅಂದರೆ ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆ, ಇದರ ಬೆನ್ನು ಹತ್ತಿತು. ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದದ್ದೇನೆಂದರೆ, ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಹೆಚ್ಚಾಗಿದ್ದು, ಅದು ದೇಹ ನಯಾಸಿನ್ನನ್ನು ತಯಾರಿಸಿ ಬಳಸುವ ದಾರಿಗೆ ಅಡ್ಡ ಬರುತ್ತದೆ. ಲ್ಯೂಸಿನ್ನಿನ ಪಾತ್ರ ಎಷ್ಟು ಎಂಬ ಬಗ್ಗೆ ಆಮೇಲೆ ವಾದವಿವಾದ ನಡೆದಿದೆ. ಜೋಳವೊಂದನ್ನೇ, ಬೇರೆ ಏನೂ ಇಲ್ಲದೆ, ತಿಂದವರ ಚರ್ಮ ಬಿಸಿಲಿಗೆ ತಡೆಯಲಿಲ್ಲ ಎಂಬ ಬಗ್ಗೆ ವಿವಾದವಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಹೈದರಾಬಾದ್ ಪ್ರಾಂತ್ಯದಿಂದ ನಮ್ಮ ಕಡೆಗೆ ಬಂದರೆ ಜೋಳದ ರೊಟ್ಟಿಯ ಪಕ್ಕದಲ್ಲಿ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಕೂತಿರುತ್ತವೆ, ತೊಗರಿಬೇಳೆ ಇರುತ್ತದೆ, ಪುಂಡಿಪಲ್ಲೆ ಇರುತ್ತದೆ. 100 ಗ್ರಾಂ ಶೇಂಗಾದಲ್ಲಿ ನಯಾಸಿನ್ 12 ಮಿಲಿಗ್ರಾಂ ಆಸುಪಾಸು. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 15ರ ಆಸುಪಾಸು. ಒಂದೆರಡು ಚಮಚ ಹಿಂಡಿಯಿಂದ ಅಷ್ಟೂ ಬಾರದು, ನಿಜ. ಆದರೆ ಬೇಳೆ ಮತ್ತು ಶೇಂಗಾ ಸೇರಿದಾಗ ದೇಹವೇ ನಯಾಸಿನ್ ಕಟ್ಟಿಕೊಳ್ಳಲು ಬೇಕಾದ ಪ್ರೋಟೀನೂ ಬರುತ್ತದೆ. ಜೊತೆಗೆ ಶೇಂಗಾದಲ್ಲಿ ವಿಟಮಿನ್ ಇ ಇದೆ. ಹಾಗಾದರೆ ನಮ್ಮ ಹಿರಿಯರು ಎಲ್ಲ ತಿಳಿದೇ ಈ ಊಟ ಕಟ್ಟಿದರು ಎನ್ನುವ ಹೆಮ್ಮೆಗೆ ನಾನು ಸೇರುವುದಿಲ್ಲ. ತಿಳಿದಿದ್ದರೆ ಅದೇ ದಖ್ಖನ್ನಿನಲ್ಲಿ ಬರಗಾಲದ ವರ್ಷ ಬಡವರ ತಾಟಿನಿಂದ ಮೊದಲು ಮಾಯವಾಗುತ್ತಿದ್ದದ್ದು ಬೇಳೆ, ಎಣ್ಣೆಕಾಳು ಮತ್ತು ಪಲ್ಲೆಯೇ ಆಗುತ್ತಿರಲಿಲ್ಲ. ರೊಟ್ಟಿ ಉಳಿಯುತ್ತಿತ್ತು, ಪಕ್ಕದ್ದು ಹೋಗುತ್ತಿತ್ತು, ಕುತ್ತಿಗೆಯ ಸುತ್ತ ಹಾರ ಮೂಡುತ್ತಿತ್ತು. ಸಿರಿಧಾನ್ಯದ ಹೆಸರಿನಲ್ಲಿ ಇವತ್ತು ಜೋಳವನ್ನೇ ಚರ್ಮಕ್ಕೆ ಅಮೃತವೆಂದು ಮಾರುವವರು ಈ ಅಧ್ಯಾಯವನ್ನು ಓದಿದಂತಿಲ್ಲ. ಕೆಂಪು, ಕಂದು ಜೋಳದ ತಳಿಗಳ ಹೊಟ್ಟಿನಲ್ಲಿ ಪಾಲಿಫೀನಾಲ್ ಹೇರಳವಾಗಿರುವುದು ಹೌದು. ನಾವು ರೊಟ್ಟಿಗೆ ಬಯಸುವ ಬಿಳಿ ಮಾಲ್ದಂಡಿಯಲ್ಲಿ ಅದು ಕಡಿಮೆ.

ನಯಾಸಿನ್ನಿನ ಕತೆಗೆ ಇತ್ತೀಚಿನ ಒಂದು ತಿರುವೂ ಇದೆ. 2015ರಲ್ಲಿ ಆಸ್ಟ್ರೇಲಿಯದಲ್ಲಿ, ಹಿಂದೆ ಚರ್ಮದ ಕ್ಯಾನ್ಸರ್ ಆಗಿದ್ದ 386 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ ಪ್ರಕಟವಾಯಿತು. ನಯಾಸಿನ್ನಿನ ಇನ್ನೊಂದು ರೂಪವಾದ ನಿಕೋಟಿನಮೈಡನ್ನು 500 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ ಒಂದು ವರ್ಷ ಕೊಟ್ಟಾಗ ಹೊಸ ಕ್ಯಾನ್ಸರುಗಳು, ಮೆಲನೋಮ ಬಿಟ್ಟು ಉಳಿದ ಬಗೆಯವು, 23 ಶೇಕಡ ಕಡಿಮೆಯಾದವು. ಮಾತ್ರೆ ನಿಲ್ಲಿಸಿದ ಮೇಲೆ ಲಾಭವೂ ನಿಂತಿತು. ಇದು ಬಿಳಿಚರ್ಮದ, ಆಗಲೇ ಕಾಯಿಲೆ ಕಂಡವರ ಮಾತು. ಅದನ್ನು ಗೋಗಿಯ ಆರೋಗ್ಯವಂತನಿಗೆ ಹಾಗೆಯೇ ಹೊದಿಸುವಂತಿಲ್ಲ. ಅದು ಕೆಲಸ ಮಾಡುವುದೂ ಉಗ್ರ ಆಮ್ಲಜನಕವನ್ನು ಹಿಡಿಯುವ ಮೂಲಕವಲ್ಲ. ಕೆಟ್ಟ ಡಿಎನ್‌ಎಯನ್ನು ಜೀವಕೋಶ ರಿಪೇರಿ ಮಾಡಿಕೊಳ್ಳಲು ಬೇಕಾದ ಶಕ್ತಿ ಒದಗಿಸುವ ಮೂಲಕ. ಚರ್ಮದ ಬಗ್ಗೆ ಇಷ್ಟು ಗಟ್ಟಿ ಫಲ ಕೊಟ್ಟ ಮಾತ್ರೆ, ಅಂಗಡಿಯ ಭಾಷೆಯಲ್ಲಿ ಆಂಟಿಆಕ್ಸಿಡೆಂಟ್ ಎನಿಸಿಕೊಂಡವುಗಳ ಸಾಲಿನಲ್ಲಿ ಇಲ್ಲವೇ ಇಲ್ಲ.

ಇನ್ನು ಹೊರಗಿನ ಹೊರೆಯ ಮಾತು. ಇದಕ್ಕೆ ಗೋಗಿಯಿಂದ ಪಕ್ಕದ ಸುರಪುರ ತಾಲೂಕಿಗೆ ಹೋಗಬೇಕು. ಅಲ್ಲಿ ಮಂಗಳೂರು ಎಂಬ ಊರಿದೆ. ಕರಾವಳಿಯದಲ್ಲ, ಹಳೆಯ ಚಿನ್ನದ ಗಣಿಯಿಂದ ಹೆಸರಾದದ್ದು. ಚಿನ್ನದ ಅದಿರಿನ ಜೊತೆಗೆ ನೆಲದಲ್ಲಿ ಆರ್ಸೆನಿಕ್ ಇರುವುದು ಸಾಮಾನ್ಯ. ಆ ಪ್ರದೇಶದ ಕಿರದಳ್ಳಿ ತಾಂಡಾದ ಬಗ್ಗೆ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಮ್ಮ ಜಿಲ್ಲೆಯ ಪ್ರತಿಯೊಬ್ಬ ಆರೋಗ್ಯ ಕಾರ್ಯಕರ್ತನೂ ಓದಬೇಕು. ಅವರು ಪರೀಕ್ಷಿಸಿದ 59 ಕೊಳವೆಬಾವಿಯ ನೀರಿನ ಮಾದರಿಗಳಲ್ಲಿ 79 ಶೇಕಡದಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿಯನ್ನು ದಾಟಿತ್ತು. ಅತಿ ಹೆಚ್ಚಿನದು 303. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗೆ 2000 ಮಿಲಿಗ್ರಾಂಗಿಂತ ಹೆಚ್ಚು. ಕೂದಲು ಉಗುರು ಕೊಟ್ಟ 171 ಮಂದಿಯಲ್ಲೂ ಆರ್ಸೆನಿಕ್ ಏರಿತ್ತು. ವೈದ್ಯರು ನೋಡಿದ 181 ಜನರಲ್ಲಿ 58.6 ಶೇಕಡ ಮಂದಿಯ ಚರ್ಮದಲ್ಲಿ ಅದರ ಗುರುತುಗಳಿದ್ದವು. ಈ ಕಾಯಿಲೆಯ ಗುರುತು ಎಂದರೆ ಅಂಗೈ ಅಂಗಾಲಿನಲ್ಲಿ ಗಟ್ಟಿ ಗಂಟುಗಳು, ಎದೆ ಬೆನ್ನಿನ ಮೇಲೆ ಕಪ್ಪು ಬಿಳಿ ಚುಕ್ಕೆಗಳು. ವರ್ಷಗಳು ಕಳೆದ ಮೇಲೆ ಅವುಗಳಲ್ಲಿ ಕೆಲವು ಕ್ಯಾನ್ಸರಿಗೆ ತಿರುಗಬಹುದು.

ಆರ್ಸೆನಿಕ್ ಚರ್ಮವನ್ನೇ ಏಕೆ ಹುಡುಕಿಕೊಂಡು ಬರುತ್ತದೆ? ಅದು ಗಂಧಕದ ಗುಂಪುಗಳಿಗೆ ಬಿಗಿಯಾಗಿ ಅಂಟುತ್ತದೆ. ಚರ್ಮ, ಕೂದಲು, ಉಗುರು ಕೆರಾಟಿನ್ನಿಂದ ಆದವು, ಕೆರಾಟಿನ್ನಿನಲ್ಲಿ ಗಂಧಕ ತುಂಬಾ. ಗ್ಲುಟಾಥಯೋನಿನಲ್ಲೂ ಗಂಧಕವೇ ಕೆಲಸಗಾರ. ಆರ್ಸೆನಿಕ್ ಒಂದು ಕಡೆ ಉಗ್ರ ಆಮ್ಲಜನಕವನ್ನು ಹುಟ್ಟಿಸುತ್ತದೆ, ಇನ್ನೊಂದು ಕಡೆ ಅದನ್ನು ತಣಿಸಬೇಕಾದ ಗ್ಲುಟಾಥಯೋನನ್ನೇ ಖರ್ಚು ಮಾಡಿಸುತ್ತದೆ. ಹಾಗಾದರೆ ಇಂಥ ಊರಿಗೆ ಆಂಟಿಆಕ್ಸಿಡೆಂಟ್ ಮಾತ್ರೆ ಹಂಚಿದರೆ ಆಯಿತಲ್ಲ ಎಂದು ಕೇಳಬಹುದು. ಬಾಂಗ್ಲಾದೇಶದಲ್ಲಿ, ಆರ್ಸೆನಿಕ್ ಗಾಯಗಳಿದ್ದವರಿಗೆ ವಿಟಮಿನ್ ಇ ಮತ್ತು ಸೆಲೆನಿಯಂ ಕೊಟ್ಟು ನೋಡಿದ ಒಂದು ಸಣ್ಣ ಪರೀಕ್ಷೆಯ ಫಲ 2005ರಲ್ಲಿ ಬಂತು. ಸ್ವಲ್ಪ ಸುಧಾರಣೆ ಕಂಡಂತಿತ್ತು, ಆದರೆ ಅದು ಕಾಕತಾಳೀಯವಲ್ಲ ಎಂದು ಹೇಳುವಷ್ಟು ದೊಡ್ಡದಾಗಿರಲಿಲ್ಲ. ಅದಕ್ಕಿಂತ ಸ್ಪಷ್ಟ ಫಲ ಕೊಟ್ಟದ್ದು ಫೋಲಿಕ್ ಆಮ್ಲ. ಫೋಲೇಟ್ ಕೊರತೆ ಇದ್ದ ಬಾಂಗ್ಲಾದೇಶದ ವಯಸ್ಕರಿಗೆ 12 ವಾರ ದಿನಕ್ಕೆ 400 ಮೈಕ್ರೋಗ್ರಾಂ ಕೊಟ್ಟಾಗ ರಕ್ತದ ಆರ್ಸೆನಿಕ್ ಸುಮಾರು 14 ಶೇಕಡ ಇಳಿಯಿತು ಎಂದು 2007ರಲ್ಲಿ ವರದಿಯಾಯಿತು. ಫೋಲೇಟ್ ಆಂಟಿಆಕ್ಸಿಡೆಂಟ್ ಅಲ್ಲ, ಆರ್ಸೆನಿಕ್ಕನ್ನು ಮೂತ್ರದಲ್ಲಿ ಹೊರಹಾಕುವ ರೂಪಕ್ಕೆ ತರಲು ಅದು ನೆರವಾಗುತ್ತದೆ. ಪಶ್ಚಿಮ ಬಂಗಾಳದ 2004ರ ಅಧ್ಯಯನವೊಂದರಲ್ಲಿ ಪ್ರಾಣಿಜನ್ಯ ಪ್ರೋಟೀನು, ಫೋಲೇಟು, ಕ್ಯಾಲ್ಸಿಯಂ, ನಾರು ಕಡಿಮೆ ತಿನ್ನುವವರಿಗೆ ಚರ್ಮದ ಗಾಯಗಳ ಅಪಾಯ ಹೆಚ್ಚಾಗಿ ಕಂಡಿತು. ಹೆಚ್ಚು ಎಂದರೆ ಎರಡು ಪಟ್ಟಿನ ಆಸುಪಾಸು. ಊಟ ಲೆಕ್ಕಕ್ಕೆ ಬರುತ್ತದೆ, ಆದರೆ ಆ ಲೆಕ್ಕ ಸಣ್ಣದು.

ಇಲ್ಲಿ ಯಾರಾದರೂ ಸಿಟ್ಟಾದರೆ ಅದು ನ್ಯಾಯವಾದ ಸಿಟ್ಟು. ವಿಷದ ನೀರು ಕುಡಿಸಿ, ನೀನು ಸೊಪ್ಪು ತಿನ್ನಲಿಲ್ಲ ಎಂದು ತಾಂಡಾದ ಹೆಣ್ಣುಮಗಳಿಗೆ ಬುದ್ಧಿ ಹೇಳುವುದೇ? ಹಾಗೆ ಹೇಳುವುದು ಕ್ರೌರ್ಯ. ಅದಕ್ಕೇ ಹೊರೆ ಇಳಿಸುವುದು ಮೊದಲು ಎನ್ನುತ್ತೇನೆ. ಲೀಟರಿಗೆ 300 ಮೈಕ್ರೋಗ್ರಾಂ ಆರ್ಸೆನಿಕ್ ಇರುವ ನೀರಿನ ಎದುರು ಯಾವ ಪುಂಡಿಸೊಪ್ಪೂ ನಿಲ್ಲುವುದಿಲ್ಲ. ನಿಲ್ಲಬೇಕಾದದ್ದು ಬೇರೆ ನೀರು. ಆರ್ಸೆನಿಕ್ಕಿಗೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಮಂದವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ನೀರಿನ ಪರೀಕ್ಷೆ ಮಾಡಿಸದೆ ಅದನ್ನು ಹಿಡಿಯುವ ದಾರಿ ಇಲ್ಲ, ಮತ್ತು ಒಂದು ಬಾವಿಯ ಪರೀಕ್ಷೆ ಪಕ್ಕದ ಬಾವಿಗೆ ಪ್ರಮಾಣಪತ್ರವಾಗುವುದಿಲ್ಲ. ಇದು ಪಂಚಾಯಿತಿ ಮತ್ತು ಸರಕಾರದ ಕೆಲಸ, ಕುಡಿಯುವವನದಲ್ಲ.

ಗೋಗಿಯವರು ಕೇಳಬಹುದಾದ ಪ್ರಶ್ನೆಯನ್ನೂ ಇಲ್ಲೇ ಮುಗಿಸುತ್ತೇನೆ. ನಮ್ಮ ನೆಲದಲ್ಲಿ ಯುರೇನಿಯಂ ಇದೆಯಲ್ಲ, ವಿಕಿರಣದಿಂದಲೂ ಇದೇ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟುತ್ತದಲ್ಲ, ಚರ್ಮದ ತೊಂದರೆಗೆ ಅದೇ ಕಾರಣವೇ? ಹುಟ್ಟುವುದು ನಿಜ, ವಿಕಿರಣ ದೇಹದ ನೀರನ್ನು ಒಡೆದಾಗ ಅದೇ ಬರುತ್ತದೆ. ಆದರೆ ಭೀಮಾ ಕೊಳ್ಳದ ಸುಣ್ಣಕಲ್ಲು ಮತ್ತು ಗ್ರಾನೈಟ್ ಬಿರುಕುಗಳಲ್ಲಿ ಆಳದಲ್ಲಿ ಕೂತ ಅದಿರು ಮೇಲೆ ನಡೆಯುವವನ ಚರ್ಮವನ್ನು ಸುಡುವುದಿಲ್ಲ. ಯುರೇನಿಯಂ ಕುಡಿಯುವ ನೀರಿಗೆ ಸೇರಿದರೆ ಚಿಂತಿಸಬೇಕಾದ್ದು ಮುಖ್ಯವಾಗಿ ಮೂತ್ರಪಿಂಡದ ಬಗ್ಗೆ. ಅದಕ್ಕೆ ಲೀಟರಿಗೆ 30 ಮೈಕ್ರೋಗ್ರಾಂ ಎಂಬ ಮಿತಿ ಇದೆ. ಗಣಿ ಬೇಕೋ ಬೇಡವೋ ಎಂಬುದು ದೊಡ್ಡ ಚರ್ಚೆ, ಅದಕ್ಕೆ ಬೇರೆ ಕಾರಣಗಳು ಸಾಕಷ್ಟಿವೆ. ಮುಖದ ಮೇಲಿನ ಬಂಗಿಗೆ ಅದನ್ನು ಸಾಕ್ಷಿಗೆ ಕರೆದರೆ ಚರ್ಚೆಯೇ ಹಗುರವಾಗುತ್ತದೆ.

ಈಗ ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ಆಂಟಿಆಕ್ಸಿಡೆಂಟು ಕಡಿಮೆಯಾದರೆ ಕೇಡು ಎಂದಮೇಲೆ ಹೆಚ್ಚು ಕೊಟ್ಟರೆ ಒಳ್ಳೆಯದೇ ಅಲ್ಲವೆ? ಈ ಪ್ರಶ್ನೆಯನ್ನು ವಿಜ್ಞಾನಿಗಳು ಬಹಳ ಪ್ರಾಮಾಣಿಕವಾಗಿ, ಸಾವಿರಾರು ಜನರ ಮೇಲೆ, ವರ್ಷಗಟ್ಟಲೆ ಪರೀಕ್ಷೆ ಮಾಡಿ ಕೇಳಿದ್ದಾರೆ. ಉತ್ತರ ನಿರಾಸೆಯದು. ಅಮೆರಿಕದಲ್ಲಿ ಚರ್ಮದ ಕ್ಯಾನ್ಸರ್ ಆಗಿದ್ದ 1805 ಜನರಿಗೆ ಐದು ವರ್ಷ ಬೀಟಾ ಕ್ಯಾರೊಟಿನ್ ಕೊಟ್ಟ ಪರೀಕ್ಷೆ 1990ರಲ್ಲಿ ಯಾವ ಲಾಭವನ್ನೂ ಕಾಣಲಿಲ್ಲ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿ, 1994ರಲ್ಲಿ, ಬೀಟಾ ಕ್ಯಾರೊಟಿನ್ ತಿಂದವರಿಗೆ ಶ್ವಾಸಕೋಶದ ಕ್ಯಾನ್ಸರ್ 18 ಶೇಕಡ ಹೆಚ್ಚೇ ಬಂತು. ಸೆಲೆನಿಯಂ ತಿಂದ 1312 ಜನರ ಪರೀಕ್ಷೆಯಲ್ಲಿ ಚರ್ಮದ ಸ್ಕ್ವಾಮಸ್ ಕ್ಯಾನ್ಸರ್ 25 ಶೇಕಡ ಏರಿತ್ತು ಎಂದು 2003ರ ಲೆಕ್ಕ ತೋರಿಸಿತು. ಫ್ರಾನ್ಸಿನ 13,017 ಜನರ ಪರೀಕ್ಷೆಯಲ್ಲಿ ಪ್ರಮಾಣ ಮಿತವಾಗಿಯೇ ಇತ್ತು. ವಿಟಮಿನ್ ಸಿ 120 ಮಿಲಿಗ್ರಾಂ, ಇ 30, ಜೊತೆಗೆ ಬೀಟಾ ಕ್ಯಾರೊಟಿನ್, ಸೆಲೆನಿಯಂ, ಸತು. ಆದರೂ ಹೆಂಗಸರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚಾಯಿತು ಎಂದು 2007ರಲ್ಲಿ ತಿಳಿಯಿತು. ಇದಕ್ಕೆ ಒಂದೇ ವಿವರಣೆ ಇಲ್ಲ. ಉಗ್ರ ಆಮ್ಲಜನಕ ಬರೀ ಶತ್ರುವಲ್ಲ, ಸ್ವಲ್ಪ ಪ್ರಮಾಣದಲ್ಲಿ ಅದು ಜೀವಕೋಶಕ್ಕೆ ಎಚ್ಚರಿಕೆಯ ಕರೆ. ಆ ಕರೆ ಕೇಳಿಯೇ ಅದು ತನ್ನ ಕಿಣ್ವಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಕೆಟ್ಟ ಜೀವಕೋಶ ತಾನೇ ಸಾಯುವುದಕ್ಕೂ ಅದು ಬೇಕು. ಮಾತ್ರೆಯ ಆಂಟಿಆಕ್ಸಿಡೆಂಟ್ ಒಳ್ಳೆಯ ಕೋಶ, ಕೆಟ್ಟ ಕೋಶ ಎಂದು ನೋಡಿ ಕಾಯುವುದಿಲ್ಲ.

ಎರಡೂ ದಾರಿಗಳನ್ನು ಒಂದೇ ಊರಿನಲ್ಲಿ ಪಕ್ಕಪಕ್ಕ ಇಟ್ಟು ತೂಗಿದ ಪರೀಕ್ಷೆಯೂ ಇದೆ, ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದೇ ನಿರ್ಣಾಯಕ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ನಾಂಬೂರ್ ಎಂಬ ಊರಿನ 1621 ಜನರನ್ನು 1992ರಿಂದ 1996ರವರೆಗೆ ನಾಲ್ಕು ಗುಂಪು ಮಾಡಿ, ಕೆಲವರಿಗೆ ದಿನಾ ಬಿಸಿಲು ತಡೆಯುವ ಕ್ರೀಮು, ಕೆಲವರಿಗೆ ಬೀಟಾ ಕ್ಯಾರೊಟಿನ್ ಮಾತ್ರೆ, ಕೆಲವರಿಗೆ ಎರಡೂ ಕೊಟ್ಟರು. ಕ್ರೀಮು ಹಚ್ಚಿದವರಲ್ಲಿ ಸ್ಕ್ವಾಮಸ್ ಕ್ಯಾನ್ಸರ್ ಸುಮಾರು 40 ಶೇಕಡ ಇಳಿಯಿತು. ಅವರ ಕೈಯ ಹಿಂಬದಿಯ ಚರ್ಮದ ಮುಪ್ಪನ್ನು ಅಳೆದ ಫಲ 2013ರಲ್ಲಿ ಪ್ರಕಟವಾಯಿತು, ಅದೂ 24 ಶೇಕಡ ಕಡಿಮೆ. ಮಾತ್ರೆಯಿಂದ ಎರಡರಲ್ಲೂ ಏನೂ ಆಗಲಿಲ್ಲ. ಕಿರಣ ಒಳಬರದಂತೆ ತಡೆದದ್ದು ಫಲ ಕೊಟ್ಟಿತು. ಒಳಬಂದ ಮೇಲೆ ತಣಿಸಲು ಹೋದದ್ದು ಕೊಡಲಿಲ್ಲ.

ನಮ್ಮದು ಕಪ್ಪು ಚರ್ಮ, ನಮಗೆ ಇದೆಲ್ಲ ಯಾಕೆ ಎಂಬ ಮಾತು ಬರುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಮೆಲನಿನ್ ಕಿರಣವನ್ನು ಹೀರುತ್ತದೆ, ಜೊತೆಗೆ ತಾನೇ ಒಂದು ಆಂಟಿಆಕ್ಸಿಡೆಂಟು. ಆಫ್ರಿಕನ್ ಮೂಲದವರ ಮೇಲುಚರ್ಮ ಬಿ ಕಿರಣಕ್ಕೆ 13ರಷ್ಟು ರಕ್ಷಣೆ ಕೊಟ್ಟರೆ ಬಿಳಿಯರದು 3.4 ಕೊಡುತ್ತದೆ ಎಂಬ ಹಳೆಯ ಅಳತೆ ಇದೆ; ನಾವು ನಡುವೆ ಎಲ್ಲೋ ಇರುತ್ತೇವೆ. ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಕಡಿಮೆ ಇರುವುದಕ್ಕೆ ಇದೇ ಮುಖ್ಯ ಕಾರಣ. ಆದರೆ ಬಂಗು ಬರುವುದು, ಕುತ್ತಿಗೆ ಸುಕ್ಕಾಗುವುದು, ತುಟಿ ಒಡೆಯುವುದು ನಿಲ್ಲುವುದಿಲ್ಲ, ಮತ್ತು ಆರ್ಸೆನಿಕ್ ಬಣ್ಣ ನೋಡಿ ಬಿಡುವುದಿಲ್ಲ. ದಿನಾ ಮೈಗೆಲ್ಲ ಸನ್‌ಸ್ಕ್ರೀನ್ ಬಳಿದುಕೊಂಡು ಹತ್ತಿ ಬಿಡಿಸಲು ಹೋಗಿ ಎಂದು ನಾನು ಹೇಳುತ್ತಿಲ್ಲ. ಕೂಲಿಯ ಎಷ್ಟು ಪಾಲು ಅದಕ್ಕೇ ಹೋದೀತು! ತುಂಬುತೋಳಿನ ದಪ್ಪ ನೇಯ್ಗೆಯ ಅಂಗಿ, ಕುತ್ತಿಗೆ ಮುಚ್ಚುವ ರುಮಾಲು, ತಲೆಯ ಮೇಲಿನ ಸೆರಗು ಅದೇ ಕೆಲಸವನ್ನು ಮಾಡುತ್ತವೆ. ತೆಳು ಬಿಳಿ ಹತ್ತಿಬಟ್ಟೆ ಬೆವರಿಗೆ ನೆನೆದಾಗ ಕಿರಣವನ್ನು ಹೆಚ್ಚಾಗಿ ಒಳಬಿಡುತ್ತದೆ, ಗಾಢ ಬಣ್ಣದ್ದು ಕಡಿಮೆ. ಬೇಸಿಗೆಯ ನಡುಹಗಲಿಗೆ ದಖ್ಖನ್ನಿನಲ್ಲಿ ನೇರಳಾತೀತ ಸೂಚ್ಯಂಕ 11 ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದಕ್ಕಿಂತ ಮೇಲಿನ ಮೆಟ್ಟಿಲೇ ಇಲ್ಲ. ಬೆಳಗಿನ ಆರಕ್ಕೆ ಹೊಲಕ್ಕಿಳಿದು ಹನ್ನೊಂದಕ್ಕೆ ನೆರಳು ಸೇರುವ ಪದ್ಧತಿಯನ್ನು ಕೂಲಿ ಕೊಡುವವರು ಒಪ್ಪಿದರೆ ಯಾವ ಡಬ್ಬಿಗಿಂತಲೂ ಅದು ಮೇಲು.

ಹಚ್ಚುವ ಆಂಟಿಆಕ್ಸಿಡೆಂಟುಗಳನ್ನು ಪೂರ್ತಿ ತಳ್ಳಿಹಾಕಿದರೆ ಅನ್ಯಾಯವಾದೀತು. 2005ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ವಿಟಮಿನ್ ಸಿ ಮತ್ತು ಇ ದ್ರಾವಣಕ್ಕೆ ಫೆರುಲಿಕ್ ಆಮ್ಲ ಸೇರಿಸಿ ಹಂದಿಯ ಚರ್ಮಕ್ಕೆ ಹಚ್ಚಿದಾಗ ರಕ್ಷಣೆ ನಾಲ್ಕು ಪಟ್ಟಿನಿಂದ ಎಂಟು ಪಟ್ಟಿಗೆ ಏರಿತು. ಆದರೆ ವಿಟಮಿನ್ ಸಿ ಚರ್ಮದೊಳಕ್ಕೆ ಹೋಗಬೇಕಾದರೆ ದ್ರಾವಣ ಚೆನ್ನಾಗಿ ಹುಳಿಯಾಗಿರಬೇಕು, ಗಾಳಿ ಬೆಳಕಿಗೆ ಬಿಟ್ಟರೆ ಅದು ಕಂದಾಗಿ ಕೆಡುತ್ತದೆ. 42 ಡಿಗ್ರಿಯ ಕೋಣೆಯಲ್ಲಿ ತಿಂಗಳುಗಟ್ಟಲೆ ಇಟ್ಟ ಶೀಶೆಯಲ್ಲಿ ಎಷ್ಟು ಉಳಿದೀತು? ಗ್ಲುಟಾಥಯೋನ್ ಚುಚ್ಚುಮದ್ದಿನ ವಿಷಯದಲ್ಲಿ ಮಾತ್ರ ನನಗೆ ಯಾವ ಮೆದುತನವೂ ಇಲ್ಲ. ಚರ್ಮ ಬೆಳ್ಳಗಾಗುತ್ತದೆಂದು ಅದನ್ನು ರಕ್ತನಾಳಕ್ಕೆ ಏರಿಸುವ ದಂಧೆಯ ಬಗ್ಗೆ ಫಿಲಿಪ್ಪೀನ್ಸಿನ ಔಷಧ ಆಡಳಿತ 2011ರಲ್ಲೇ ಎಚ್ಚರಿಸಿತ್ತು. ಬೆಳ್ಳಗಾಗುವುದೆಂದರೆ ಮೆಲನಿನ್ ಕಳೆದುಕೊಳ್ಳುವುದು. ಆಂಟಿಆಕ್ಸಿಡೆಂಟಿನ ಹೆಸರಿನಲ್ಲಿ, ಹುಟ್ಟಿನಿಂದ ಪುಕ್ಕಟೆ ಸಿಕ್ಕ ಆಂಟಿಆಕ್ಸಿಡೆಂಟನ್ನೇ ದುಡ್ಡು ಕೊಟ್ಟು ಕಳೆದುಕೊಳ್ಳುವ ವ್ಯಾಪಾರ ಇದು.

ಉಳಿಯುವುದು ಊಟ. ಜರ್ಮನಿಯಲ್ಲಿ 2001ರ ಒಂದು ಸಣ್ಣ ಪರೀಕ್ಷೆಯಲ್ಲಿ ಹತ್ತು ವಾರ ದಿನಕ್ಕೆ 40 ಗ್ರಾಂ ಟೊಮೆಟೊ ಪೇಸ್ಟನ್ನು ಎಣ್ಣೆಯೊಂದಿಗೆ ತಿಂದವರ ಚರ್ಮ ಕಿರಣಕ್ಕೆ ಕೆಂಪಾಗುವುದು 40 ಶೇಕಡ ಕಡಿಮೆಯಾಯಿತು. ಕೆಲವೇ ಜನರ ಪರೀಕ್ಷೆ, ಅದರ ಮೇಲೆ ದೊಡ್ಡ ಮನೆ ಕಟ್ಟಬಾರದು. ಆದರೆ ಕೆಂಪು ಬಣ್ಣದ ಕ್ಯಾರೊಟಿನಾಯ್ಡ್‌ಗಳು ಎಣ್ಣೆಯ ಜೊತೆ ಬೆಂದಾಗ ಚೆನ್ನಾಗಿ ಒಳಸೇರುತ್ತವೆ ಎಂಬುದು ಗಟ್ಟಿ ಸಂಗತಿ. ನಮ್ಮ ಒಣಮೆಣಸಿನಕಾಯಿಯ ಕೆಂಪೂ ಅದೇ ಕುಲದ್ದು. ಹಸಿಮೆಣಸಿನಕಾಯಿಯಲ್ಲಿ ವಿಟಮಿನ್ ಸಿ ಇದೆ, ಒಣಗಿಸಿದಾಗ ಅದರ ಬಹುಪಾಲು ಹೋಗುತ್ತದೆ. ಆ ವಿಟಮಿನ್ನನ್ನು ಬೇರ್ಪಡಿಸಿ 1937ರಲ್ಲಿ ನೊಬೆಲ್ ಪಡೆದ ಸೆಂಟ್ ಗ್ಯೋರ್ಗಿ ಅದನ್ನು ರಾಶಿಗಟ್ಟಲೆ ತೆಗೆದದ್ದು ಹಂಗೆರಿಯ ಮೆಣಸಿನಕಾಯಿಯಿಂದಲೇ. 2020ರ ಭಾರತೀಯ ಶಿಫಾರಸು ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸಿಗೆ 65. ಒಂದು ಪೇರಲಹಣ್ಣು ಅದನ್ನು ಮುಟ್ಟಿಸುತ್ತದೆ. ಪುಂಡಿಪಲ್ಲೆಯನ್ನು ಕುದಿಸಿ ನೀರು ಬಸಿದರೆ ಅದರ ಸಿ ಬಸಿದ ನೀರಿನೊಂದಿಗೆ ಹೋಗುತ್ತದೆ. ಕೊನೆಗೆ ಹಿಂಡಿದ ಲಿಂಬೆ ಅದನ್ನು ಸ್ವಲ್ಪ ತುಂಬಿಕೊಡುತ್ತದೆ. ಬೀಡಿ ಸೇದುವವರ ರಕ್ತದಲ್ಲಿ ಈ ವಿಟಮಿನ್ ಬೇಗ ಖರ್ಚಾಗುತ್ತದೆ. ಅಮೆರಿಕದ ಲೆಕ್ಕದಲ್ಲಿ ಧೂಮಪಾನಿಗೆ ದಿನಕ್ಕೆ 35 ಮಿಲಿಗ್ರಾಂ ಹೆಚ್ಚು ಬೇಕು. ಅರಿಶಿನದ ಕರ್ಕ್ಯುಮಿನ್ ಬಗ್ಗೆ ಬಹಳ ಮಾತಿದೆ, ತಿಂದದ್ದರಲ್ಲಿ ರಕ್ತ ಸೇರುವುದು ಅತ್ಯಲ್ಪ.

ಎಲ್ಲಕ್ಕಿಂತ ಕಡಿಮೆ ಮಾತಾಗುವುದು ಗ್ಲುಟಾಥಯೋನ್ ಕಟ್ಟುವ ಪ್ರೋಟೀನಿನ ಬಗ್ಗೆ, ಏಕೆಂದರೆ ಅದನ್ನು ಯಾರೂ ಹಣ್ಣಿನ ಚಿತ್ರ ಹಾಕಿ ಮಾರುವುದಿಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ಯಾದಗಿರಿಯೂ ಸೇರಿ, ಶಾಲೆಯ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲು ಸರಕಾರ ಶುರುಮಾಡಿತು. ಬೇಡವೆಂದವರಿಗೆ ಬಾಳೆಹಣ್ಣು, ಆಮೇಲೆ ಕೆಲ ಕಾಲ ಶೇಂಗಾ ಚಿಕ್ಕಿ. ವಿರೋಧ ಜೋರಾಗಿತ್ತು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಯಾದಗಿರಿಯ ಮಕ್ಕಳನ್ನು, ಆಗ ಮೊಟ್ಟೆ ಸಿಗದಿದ್ದ ಗದಗ ಜಿಲ್ಲೆಯ ಮಕ್ಕಳ ಜೊತೆ ಹೋಲಿಸಿದಾಗ ಯಾದಗಿರಿಯವರ ತೂಕ ಹೆಚ್ಚಾಗಿ ಏರಿತ್ತು. ಅಳೆದದ್ದು ತೂಕ, ಎತ್ತರದಂಥವನ್ನು. ಅದರಿಂದ ಚರ್ಮದ ಬಗ್ಗೆ ನೇರವಾಗಿ ಏನೂ ಹೇಳಲಾಗದು. ಆದರೆ ಸಿಸ್ಟೀನ್, ಸೆಲೆನಿಯಂ, ನಯಾಸಿನ್ನಾಗಿ ಬದಲಾಗುವ ಟ್ರಿಪ್ಟೊಫಾನ್, ಇವು ಮೂರೂ ಒಂದೇ ಚಿಪ್ಪಿನಲ್ಲಿ ಬರುವುದು ಮೊಟ್ಟೆಯಲ್ಲಿ. ಬಾಳೆಹಣ್ಣಿನಲ್ಲಿ ಇವು ತೀರ ಕಡಿಮೆ. ಮೊಟ್ಟೆ ಒಲ್ಲದ ಮನೆಯ ಮಗುವಿಗೆ ಬದಲಿ ಯಾವುದು ಎಂದು ಕೇಳಿದರೆ, ಈ ಲೆಕ್ಕದಲ್ಲಿ ಬಾಳೆಹಣ್ಣಿಗಿಂತ ಒಂದು ಹಿಡಿ ಹುರಿದ ಶೇಂಗಾ ಹತ್ತಿರದ್ದು, ಒಂದು ಲೋಟ ಹಾಲು ಜೊತೆಗಿದ್ದರೆ ಇನ್ನೂ ಹತ್ತಿರ; ಅದನ್ನು ಶಾಲೆಯಲ್ಲೇ ಕೊಡಲು ಯಾವ ಧರ್ಮದ ಅಡ್ಡಿಯೂ ಇಲ್ಲ.